ಬಾರವ್ವ, ನಿನ್ನ ರೆಕಾರ್ಡ್ ಬಂದೈತೆ

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ನಮ್ಮ ಕಾಲೇಜಿನಲ್ಲಿದ್ದ ಲ್ಯಾಬ್ ಅಟೆಂಡರನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ಮೇಷ್ಟ್ರು ಸಹಿ ಹಾಕಿದ ರೆಕಾರ್ಡ್ ಪುಸ್ತಕಗಳನ್ನು ಎದೆಗವಚಿಕೊಂಡು, ಅಂಗಳಕ್ಕೆಲ್ಲ ಕೇಳುವಂತೆ ಹೆಸರು ಕೂಗಿ ಹಂಚುತ್ತಿದ್ದರು. ನಾವು ಮೆಲ್ಲಗೆ ಓಗೊಟ್ಟರೆ, "ಜೋರಾಗಿ, ಜೋರಾಗಿ!" ಎನ್ನುತ್ತಿದ್ದರು.

ಒಂದು ದಿನ ಸೈಕಲ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ತಾನು ಪ್ರೀತಿಸುತ್ತಿದ್ದ ಹುಡುಗಿಯ ಕೈ ತಿರುಚುತ್ತಿದ್ದ. ಅದು ಅವರಿಬ್ಬರ ವಿಷಯ ಎಂದುಕೊಂಡು ನಾವು ನಾಲ್ವರು ಗೆಳತಿಯರು ಮುಖ ತಿರುಗಿಸಿದೆವು. ಅಟೆಂಡರ್ ಅಲ್ಲಿಗೇ ನಡೆದು, ಅವನ ಕಡೆ ನೋಡದೆ, "ಬಾರವ್ವ, ನಿನ್ನ ರೆಕಾರ್ಡ್ ಬಂದೈತೆ" ಎಂದರು. ಅವನು ಕೈಬಿಟ್ಟ. ಅವಳು ಓದುತ್ತಿದ್ದುದು ಆರ್ಟ್ಸ್. ಅವಳಿಗೆ ರೆಕಾರ್ಡೇ ಇರಲಿಲ್ಲ.

ಆಮೇಲೆ ನಮ್ಮನ್ನು ಲ್ಯಾಬಿನಲ್ಲಿ ನಿಲ್ಲಿಸಿ ಗದರಿದರು. "ಅವನ ಜತೆ ಜಗಳಕ್ಕೆ ಹೋಗ್ಬ್ಯಾಡ್ರಿ. ಆ ಹುಡುಗೀನ ಕರೀರಿ, ಅಷ್ಟು ಸಾಕು. ಎಲ್ಲಿ, ಕೂಗ್ರಿ ನೋಡಾಣ." ನಾವು ನಾಚಿಕೊಂಡು ಕೂಗಿದೆವು. "ಜೋರಾಗಿ, ಜೋರಾಗಿ!"

ಮುಂದಿನ ವರ್ಷ, ನಾನು ಮದುವೆಯಾಗಬೇಕೆಂದುಕೊಂಡಿದ್ದವನೇ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಂಗೈ ಹಿಡಿದು ಕೆನ್ನೆಗೆ ಹೊಡೆದ. ಸುತ್ತಲಿದ್ದವರೆಲ್ಲ ಬೇರೆಲ್ಲೋ ನೋಡಿದರು. ಅಷ್ಟರಲ್ಲಿ ಬಸ್ಸಿನ ಸದ್ದನ್ನೂ ಮೀರಿ ಮೂರು ದನಿಗಳು ಒಟ್ಟಿಗೇ ಕೇಳಿಸಿದವು:

"ಬಾರೇ, ನಿನ್ನ ರೆಕಾರ್ಡ್ ಬಂದೈತೆ!"