ಗಾಜಿನ ಮೇಲೆ ನನ್ನ ಬೆರಳು

ಕಮಲಾಪುರದ ಬಾಳೆ ತೋಟಗಳಲ್ಲಿ ಕೂಲಿ ಮಾಡಿ ಅವ್ವ ನನ್ನನ್ನು ಓದಿಸಿದಳು. ಅವಳ ಪಾಲಿಗೆ ಓದು ಎಂದರೆ ಇಷ್ಟೇ: ಮಗಳು ಎಲ್ಲಿಯೂ ಹೆಬ್ಬೆಟ್ಟು ಒತ್ತಬಾರದು. ನಮ್ಮ ಕಡೆ ಓದಿಲ್ಲದವರನ್ನು ಜನ ‘ಹೆಬ್ಬೆಟ್ಟು’ ಎಂದೇ ಹಂಗಿಸುತ್ತಾರೆ. ಅವ್ವ ಅದನ್ನು ಬೇಕಾದಷ್ಟು ಕೇಳಿಸಿಕೊಂಡಿದ್ದಳು. ಕಲಬುರಗಿಯ ಕಾಲೇಜಿನಲ್ಲಿ ನನಗೆ ನೌಕರಿ ಸಿಕ್ಕಾಗ, ಹಾಜರಿ ಪುಸ್ತಕದಲ್ಲಿ ನಾನು ಸಹಿ ಮಾಡುವುದನ್ನು ನೋಡಲೆಂದೇ ಬಸ್ಸು ಹತ್ತಿ ಬಂದಳು. ನೋಡಿ, ಚಹಾ ಕುಡಿದು, ಮುಂದಿನ ಬಸ್ಸಿಗೆ ಹೊರಟೇಬಿಟ್ಟಳು. ಆಧಾರ್ ಕಾರ್ಡಿಗೆ ನಾನೂ ಬೆರಳು ಕೊಟ್ಟಿದ್ದೇನೆಂದು ಅವಳಿಗೆ ಹೇಳುವ ಗೋಜಿಗೆ ನಾನು ಹೋಗಿರಲಿಲ್ಲ.

ಹೋದ ವರ್ಷ ಬುದ್ಧನ ಗುಡಿಗಳನ್ನು ತೋರಿಸುತ್ತೇನೆಂದು ಅವಳನ್ನು ಥಾಯ್ಲೆಂಡಿಗೆ ಕರೆದುಕೊಂಡು ಹೋದೆ. ಅಲ್ಲಿ ವಿಮಾನದಿಂದ ಇಳಿದ ಹೊರದೇಶದವರು ಪಾಸ್‌ಪೋರ್ಟ್ ಕೊಟ್ಟು, ಸಣ್ಣ ಯಂತ್ರವೊಂದರ ಗಾಜಿನ ಮೇಲೆ ಬೆರಳು ಒತ್ತಬೇಕು. ವಯಸ್ಸಾದವಳೆಂದು ಅವ್ವನನ್ನೂ ನನ್ನ ಜೊತೆಗೇ ಕೌಂಟರಿಗೆ ಬಿಟ್ಟರು. ಅಧಿಕಾರಿ ಸನ್ನೆ ಮಾಡಿದ. ನಾನು ಬಲಗೈ ಬೆರಳುಗಳನ್ನಿಟ್ಟೆ. ಅವ್ವ ನನ್ನ ಮೊಣಕೈ ಹಿಡಿದು ಜಗ್ಗಿದಳು.

“ಸಾಹೇಬ್ರ, ನನ್ನ ಮಗಳು ಸಾಲಿ ಕಲ್ತಾಳ್ರೀ! ಕಾಲೇಜಿನಾಗ ಪಾಠ ಹೇಳ್ತಾಳ. ಪೆನ್ ಕೊಡ್ರಿ, ಸಹಿ ಮಾಡ್ತಾಳ!”

ಅವಳ ಗಂಟಲು ಮೊದಲೇ ದೊಡ್ಡದು. ಇಡೀ ಸಾಲು ನಮ್ಮತ್ತ ತಿರುಗಿತು.

“ಸುಮ್ನಿರು ಯವ್ವಾ, ಮಂದಿ ನೋಡ್ತಾರ. ಇಲ್ಲಿ ಎಲ್ಲಾರೂ ಒತ್ತಬೇಕು,” ಎಂದು ಹಲ್ಲು ಕಚ್ಚಿ ಹೇಳಿ, ಮತ್ತೆ ಬೆರಳಿಟ್ಟೆ. ಅವಳ ಸರದಿ ಬಂದಾಗ ಅವ್ವ ಒಂದು ಮಾತೂ ಆಡದೆ ತನ್ನ ಕೈ ಕೊಟ್ಟಳು.

ಬ್ಯಾಗುಗಳಿಗೆ ಕಾಯುತ್ತ ನಿಂತಾಗ ನಾನೇ ಕೇಳಿದೆ: “ನಿನ್ನ ಬೆರಳು ಕೇಳಿದಾಗ ಯಾಕ ಸುಮ್ನಿದ್ದಿ?”

“ನಂದಿರಲಿ ಬಿಡು. ನನಗ ರೂಢಿ ಅದ, ರೇಷನ್ ಅಂಗಡ್ಯಾಗ ಈಗೂ ಒತ್ತತೀನಿ. ನೀ ಒತ್ತೋದು ನೋಡಿ ಜೀವ ಸಣ್ಣ ಆತು.”

ಗುರುತು ಪರಿಚಯ ಇಲ್ಲದ ಜನರ ಮುಂದೆ ಮಾನ ಹೋಯಿತೆಂದು ಸಿಡುಕಿದ್ದ ನನಗೆ, ಈಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವ್ವ ನನ್ನ ಬಲಗೈ ಎಳೆದುಕೊಂಡು ಸೆರಗಿನಿಂದ ಒಂದೊಂದೇ ಬೆರಳನ್ನು ಉಜ್ಜಿ ಒರೆಸತೊಡಗಿದಳು. ಆ ಯಂತ್ರದಲ್ಲಿ ಮಸಿಯೇ ಇರಲಿಲ್ಲ. ಆದರೂ ನಾನು ಎಡಗೈಯನ್ನೂ ಕೊಟ್ಟೆ.