ಹನ್ನೆರಡು ಕೊಕ್ಕೆಗಳ ಮನೆ

ಮೇಸ್ತ್ರಿ ಏಣಿ ಹತ್ತಿ ತೊಲೆಯ ಹಳೆಯ ಬಣ್ಣ ಕೆರೆಯುತ್ತಿದ್ದ. ಪದರ ಉದುರಿದಂತೆಲ್ಲ ಒಂದೊಂದಾಗಿ ಕಬ್ಬಿಣದ ಕೊಕ್ಕೆಗಳು ಹೊರಬಂದವು. ಒಟ್ಟು ಹನ್ನೆರಡು. ಇವನ್ನು ಕತ್ತರಿಸಿ ಹಾಕಲೇ ಎಂದು ಕೇಳಿದ. ಬೇಡ ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೇನೋ, ಪಾಪ, ಏಣಿಯಿಂದ ಇಳಿದೇ ಬಿಟ್ಟ.

ನಾನು ತಲೆಯೆತ್ತಿಕೊಂಡು ಅಲ್ಲೇ ನಿಂತಿದ್ದೆ. ನನ್ನನ್ನು ತೂಗಿ ಬೆಳೆಸಿದ ಆಯಮ್ಮ ನೆನಪಾಗಿದ್ದಳು...

ತಮಿಳು ಸೀಮೆಯ ಸೋಮನೂರಿನಲ್ಲಿ ನಾವು ಕೊಂಡ ಈ ಮನೆ ಮೊದಲು ಮನೆಯೇ ಆಗಿರಲಿಲ್ಲ. ನೇಕಾರರ ಸಂಘದವರು ನಡೆಸುತ್ತಿದ್ದ ಶಿಶುವಿಹಾರ. ಮಗ್ಗದ ಶೆಡ್ಡುಗಳಿಗೆ ದುಡಿಯಲು ಹೋಗುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದರು. ಅದು ಮುಚ್ಚಿದ ಮೇಲೆ ಓಟಿನ ಬೂತಾಯಿತು, ಪೋಲಿಯೋ ಹನಿ ಹಾಕುವ ಜಾಗವಾಯಿತು. ಈಗಲೂ ಜನಕ್ಕೆ ಅಭ್ಯಾಸ ತಪ್ಪಿಲ್ಲ. ಹೋದ ತಿಂಗಳು ಯಾರೋ ತಾಯಿ ಮಗುವನ್ನು ಎತ್ತಿಕೊಂಡು ನೇರ ನಡುಮನೆಗೆ ಬಂದು, ಹನಿ ಎಲ್ಲಿ ಹಾಕುತ್ತೀರಿ ಎಂದು ಕೇಳಿದಳು. ಕಾಫಿ ಕೊಟ್ಟು ಕಳಿಸಿದೆ. ಊರಿನವರೆಲ್ಲ ನಮ್ಮ ಮನೆಯವರೇ ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತು ತಿರುಗಿದವಳು ನಾನು. ನಾನು ಬೆಳೆದ ಕಟ್ಟಡವನ್ನೇ ಕೊಂಡೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಒಂದೇ ಕೊರತೆಯಿತ್ತು. ಗೃಹಪ್ರವೇಶದ ದಿನ ಒಲೆಯ ಮೇಲೆ ಹಾಲಿಡಬೇಕಾದವಳು ನನ್ನ ಅಮ್ಮ, ಮತ್ತೆ ಯಾರೂ ಅಲ್ಲ ಎಂದು ನಾನು ಹಟ ಹಿಡಿದಿದ್ದೆ. ತಮ್ಮನ ಮನೆಯಲ್ಲಿದ್ದ ಅಮ್ಮ ಬರುವುದೇ ಇಲ್ಲ ಎಂದು ಕೂತಿದ್ದಳು. ಊರವರ ಕಟ್ಟಡ ನಮಗೇಕೆ ಎಂಬ ಒಂದೇ ಮಾತು.

ಶಿಶುವಿಹಾರದ ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಆಯಮ್ಮ ತೆಳ್ಳಗಿನ ಹೆಂಗಸು, ಗಂಡನನ್ನು ಬೇಗ ಕಳೆದುಕೊಂಡವಳು, ಮಕ್ಕಳಿಲ್ಲ. ಹಿಂದಿನ ಚಿಕ್ಕ ಕೋಣೆಯೇ ಅವಳ ಮನೆ. ಹನ್ನೆರಡು ಕೊಕ್ಕೆಗೆ ಹನ್ನೆರಡು ಸೀರೆಯ ತೊಟ್ಟಿಲು. ಅವಳದೊಂದು ಕಟ್ಟುನಿಟ್ಟು ಇತ್ತು: ಪ್ರತಿ ಕೂಸೂ ತನ್ನ ತಾಯಿ ಉಟ್ಟು ಬಿಟ್ಟ ಹಳೆಯ ಸೀರೆಯಲ್ಲೇ ಮಲಗಬೇಕು. ತಾಯಿಯ ವಾಸನೆ ಇದ್ದರೆ ಕೂಸು ಹುಡುಕುವುದಿಲ್ಲ ಎನ್ನುತ್ತಿದ್ದಳು. ಸೀರೆ ತರದೆ ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದೂ ಉಂಟು.

ಇಲ್ಲಿಯ ಕೂಸುಗಳ ಗುಣವೇ ಬೇರೆ. ಸದ್ದಾದರೆ ಏಳುವುದಿಲ್ಲ, ಸದ್ದು ನಿಂತರೆ ಏಳುತ್ತವೆ! ಸುತ್ತ ನಾಲ್ಕು ಬೀದಿಯ ಮಗ್ಗಗಳು ಬಡಿಯುತ್ತಿರುವಷ್ಟು ಹೊತ್ತು ಗಾಢ ನಿದ್ದೆ. ಕರೆಂಟು ಹೋಗಿ ಮಗ್ಗ ನಿಂತರೆ ಹನ್ನೆರಡೂ ಒಟ್ಟಿಗೆ ಕಿರುಚುತ್ತಿದ್ದವು. ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೋ ಎಂದು ತಾಯಂದಿರು ಶೆಡ್ಡು ಬಿಟ್ಟು ಬರುವಂತಿರಲಿಲ್ಲ. ಆಗ ಆಯಮ್ಮ ಮಗ್ಗದ ಸವೆದ ಲಾಳಿಯೊಂದನ್ನು ಹಿಡಿದು ಮರದ ಕಂಬಕ್ಕೆ ತಟ್ಟಲು ಶುರುಮಾಡುವಳು. ಟಕ್ ಟಕಾ, ಟಕ್ ಟಕಾ... ಮಗ್ಗದ್ದೇ ಲಯ. ನನಗೆ ನಾಲ್ಕೈದು ವರ್ಷ, ತೊಟ್ಟಿಲು ಬಿಟ್ಟು ಚಾಪೆಗೆ ಬಂದಿದ್ದೆ. ಕೈ ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಕರೆಂಟು ಓದ್ರೆ ಓಗ್ಲಿ ಕಣೆ," ಅಂದಿದ್ದಳು. "ಕೂಸುಗ್ಳಿಗೆ ತರಿ ನಿಲ್ಬಾರ್ದು."

ತರಿ ಎಂದರೆ ಮಗ್ಗ. ನಮ್ಮ ಮನೆಗನ್ನಡದಲ್ಲಿ ತಮಿಳು ಹಾಲಿನಲ್ಲಿ ನೀರಿನಂತೆ ಬೆರೆತಿದೆ.

ಕೊಕ್ಕೆ ಸಿಕ್ಕಿದ ಸಂಜೆಯೇ ತಮ್ಮನ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು, ಬಾಗಿಲಿಂದ ಮೂರನೆಯ ಕೊಕ್ಕೆ ಇದೆಯೇ ಎಂದು ಕೇಳಿದಳು. ನನ್ನ ತೊಟ್ಟಿಲು ಅದಕ್ಕೇ ಕಟ್ಟಿದ್ದಂತೆ. ಅಂದು ಅಮ್ಮನಿಗೆ ಇದ್ದದ್ದು ಎರಡೇ ಸೀರೆ, ಮೈಮೇಲೊಂದು, ಒಣಗಲು ಹಾಕಿದ್ದೊಂದು. ತೊಟ್ಟಿಲಿಗೆ ಕೊಡಲು ಏನೂ ಇರಲಿಲ್ಲ. ಬಾಗಿಲಲ್ಲಿ ಅಳುತ್ತ ನಿಂತವಳನ್ನು ನೋಡಿ ಆಯಮ್ಮ ಒಳಗೆ ಹೋಗಿ, ಟ್ರಂಕಿನಿಂದ ತನ್ನ ಮದುವೆ ಸೀರೆಯನ್ನೇ ತೆಗೆದು ಕಟ್ಟಿದಳಂತೆ.

"ನೀ ಮಲ್ಗಿದ್ದು ನನ್ ಸೀರೇಲಲ್ಲ," ಅಂದಳು ಅಮ್ಮ. "ಆ ಮನೆಗೆ ನಾ ಯಾವ ಮೊಕ ಇಟ್ಕಂಡು ಬರ್ಲಿ?"

ಇಷ್ಟು ವರ್ಷ ಆ ನಾಚಿಕೆಯನ್ನು ಒಬ್ಬಳೇ ಹೊತ್ತಿದ್ದಳು. ನನಗೋ ಹೆಮ್ಮೆ ಉಕ್ಕಿ ಬಂತು. ಮದುವೆ ಸೀರೆಯಲ್ಲಿ ತೂಗಿಸಿಕೊಂಡ ಕೂಸು ಆ ಹನ್ನೆರಡರಲ್ಲಿ ನಾನೊಬ್ಬಳೇ. ಹಾಗೆಂದೇ ಅಮ್ಮನಿಗೆ ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು, ಅಷ್ಟೇ.

ಹಾಲಿಡುವ ದಿನ ಎಲ್ಲರಿಗಿಂತ ಮುಂಚೆ ಆಟೋದಿಂದ ಇಳಿದವಳು ಅಮ್ಮ. ಕಂಕುಳಲ್ಲಿ ಅವಳದೇ ಒಂದು ಹಳೆಯ ನೂಲಿನ ಸೀರೆಯ ಗಂಟು. ಹಾಲು ಉಕ್ಕಿತು. ಊಟವಾದ ಮೇಲೆ ನನ್ನ ಮಗಳ ಕೂಸಿಗೆ ಆ ಸೀರೆಯನ್ನು ಮೂರನೆಯ ಕೊಕ್ಕೆಗೆ ತಾನೇ ಹೇಳಿ ಕಟ್ಟಿಸಿದಳು.

ಮಧ್ಯಾಹ್ನ ಕರೆಂಟು ಹೋಯಿತು. ಸುತ್ತಲ ಮಗ್ಗಗಳೆಲ್ಲ ಗಪ್ಪಾದವು. ಶೆಡ್ಡಿನ ಪಕ್ಕದಲ್ಲೇ ಹುಟ್ಟಿದ ಕೂಸು, ಅಳದೆ ಬಿಡುತ್ತದೆಯೇ? ನಮ್ಮ ಮನೆಗಳಲ್ಲಿ ಹಳೆಯ ಲಾಳಿಗೆ ಬರವಿಲ್ಲ. ಒಂದನ್ನು ತೆಗೆದುಕೊಂಡು ಕಂಬದ ಮುಂದೆ ಕೂತೆ. ಹೊಸ ಬಣ್ಣದ ಅಡಿಯಲ್ಲೂ ಆಯಮ್ಮ ತಟ್ಟಿ ತಟ್ಟಿ ಬಿದ್ದ ಗುಳಿ ಕೈಗೆ ಸಿಕ್ಕಿತು. ತಟ್ಟಿದೆ. ಕೂಸು ಎರಡು ಸಲ ಬಿಕ್ಕಿ ಕಣ್ಣು ಮುಚ್ಚಿತು.

ಶಿಶುವಿಹಾರ ಮುಚ್ಚಿದ ಮೇಲೆ ಆಯಮ್ಮ ಪೊಳ್ಳಾಚಿ ಕಡೆಯ ಯಾರೋ ನೆಂಟರ ಮನೆಗೆ ಹೋದಳು. ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಎಷ್ಟೋ ತಿಂಗಳ ಮೇಲೆ. ಅವಳು ತೂಗಿದ ಮಕ್ಕಳಲ್ಲಿ ಒಬ್ಬರೂ ಅಂದು ಅಲ್ಲಿರಲಿಲ್ಲ, ನಾನೂ ಇರಲಿಲ್ಲ...

ಅಮ್ಮ ಪಕ್ಕಕ್ಕೆ ಬಂದು ಕೂತಳು. ಕರೆಂಟು ಹೋದ ಗಳಿಗೆಯಲ್ಲಿ ಈ ಮನೆಯೊಳಗೆ ಏನಾಗುತ್ತಿತ್ತು ಎಂದು ಶೆಡ್ಡಿನಲ್ಲಿ ನಿಂತಿರುತ್ತಿದ್ದ ಅವಳು ಒಮ್ಮೆಯೂ ಕೇಳಿರಲಿಲ್ಲ.

"ಇಂಗೇನಾ ತಟ್ತಿದ್ಳು?"

"ಇಂಗೇನೇ ಅಮ್ಮ."

ನನ್ನ ಕೈಯಿಂದ ಲಾಳಿ ತೆಗೆದುಕೊಂಡಳು. ಕರೆಂಟು ಬಂದು ನಾಲ್ಕು ಬೀದಿಯ ಮಗ್ಗಗಳೂ ಶುರುವಾದವು. ಅಮ್ಮ ಇನ್ನೂ ತಟ್ಟುತ್ತಲೇ ಇದ್ದಳು.