ಭಾವ ಕೊರೆದ ನೇರ ರಂಧ್ರ

ನಮ್ಮ ಭಾವ ಅಗಾತ್ಸಿಯೊ ಕೆಟ್ಟವನು. ಸತ್ತವರ ಬಗ್ಗೆ ಹಾಗೆ ಹೇಳಬಾರದಂತೆ. ಹೇಳಬಾರದು ಅನ್ನುವವರು ಬಾಯಿ ಮುಚ್ಚಿಕೊಂಡಿರಲಿ, ನಾನು ಹೇಳುತ್ತೇನೆ. ಅಕ್ಕನ ಗಂಡನೆಂದು ಇಷ್ಟು ವರ್ಷ ಸಹಿಸಿದ್ದೇ ಹೆಚ್ಚು.

ಇಟಲಿಯ ಕಲಾಬ್ರಿಯಾದ ನಮ್ಮ ಗುಡ್ಡಗಳಲ್ಲಿ ಚರಮೆಲ್ಲ ಎಂಬ ಓಲಗದಂಥ ಊದುವಾದ್ಯ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದು ನಿಜ. ಆಲಿವ್ ಮರದ ತುಂಡು ಕೊರೆದು, ಮೊನೆಯತ್ತ ಸಪೂರವಾಗುವ ಅಲಗಿನ ಕಬ್ಬಿಣವನ್ನು ಒಳಗೆ ತಿರುಗಿಸುತ್ತಿದ್ದ. ರಂಧ್ರ ಬಾಯಿಯ ಹತ್ತಿರ ಕಿರಿದು, ಕೆಳಗೆ ಹೋದಂತೆ ಅಗಲ. ಹಾಗಿದ್ದರೇ ದನಿ ಕಣಿವೆಯಾಚೆಗೂ ಕೇಳುತ್ತದೆ. ಮೇಲಿಂದ ಕೆಳಗೆ ಒಂದೇ ಸಮನಾಗಿದ್ದರೆ, ಬಾಯಲ್ಲಿಡುವ ಅದೇ ಪೀಪಿ, ಅದೇ ಉಸಿರು, ಆದರೂ ದನಿ ಒಂದು ಸ್ಥಾಯಿ ಕೆಳಗಿಳಿದು ಪಾತಾಳದಲ್ಲಿ ನರಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಅಗಾತ್ಸಿಯೊ ಊದುತ್ತಲೂ ಇದ್ದ. ಆದರೆ ಜನ ಕರೆಯುತ್ತಿದ್ದದ್ದು ಅವನ ತಮ್ಮ ಸವೇರಿಯೊನನ್ನು. ತಾಯಿ ಕತೆರೀನಾಳದೂ ಅದೇ ಮಾತು: "ದೊಡ್ಡೋನು ಮರ ಕೊರೀತಾನೆ. ಅವರಪ್ಪನ ಉಸಿರು ಬಂದಿರೋದು ಸವೇರಿಯೊಗೆ." ಭಾವನ ಹೊಟ್ಟೆಯಲ್ಲಿ ಇದು ಜೀವಮಾನವಿಡೀ ಉರಿಯಿತು.

ಮುದುಕಿ ಹಾಸಿಗೆ ಹಿಡಿದಳು. ಸವೇರಿಯೊನ ಕೈ ಹಿಡಿದು, "ನಿಮ್ಮಪ್ಪನ ಹಾಡು ಒಂದ್ಸಲ ಕೇಳಿ ಕಣ್ಮುಚ್ತೀನಿ ಕಣೋ" ಎಂದಳು. ಅವನ ಚರಮೆಲ್ಲ ಸೀಳಿಹೋಗಿತ್ತು. ಅಣ್ಣನ ಬಾಗಿಲಿಗೆ ಬಂದ.

"ಅಣ್ಣಾ, ಹೊಸದೊಂದು ಮಾಡ್ಕೊಡು. ಅಮ್ಮನಿಗೆ."

"ಬಾರಪ್ಪಾ, ಉಸಿರಿನ ಸಾಹುಕಾರ! ಈ ಬಡಗಿ ಈಗ ನೆನಪಾದ್ನಾ?"

"ಬೈಕೋ, ಬೇಕಾದ್ರೆ ಹೊಡಿ. ಮಾಡ್ಕೊಡು ಅಷ್ಟೆ."

"ಮಾಡ್ದೇ ಇರ್ತೀನಾ? ನನಗೂ ಅಮ್ಮ ಅಲ್ವೇನೋ."

ಹೊಸ ಚರಮೆಲ್ಲದ ಮೊದಲ ಉಸಿರು ಯಾರಿಗೆ ಮುಡಿಪೋ ಅವರೆದುರೇ ಊದಬೇಕು, ಮುಂಚೆ ಊದಿ ನೋಡಿದರೆ ಅವರ ಆಯಸ್ಸಿಗೆ ಕೇಡು ಎಂಬ ನಂಬಿಕೆ ನಮ್ಮಲ್ಲಿದೆ. ಆ ಪಾಪಿಗೆ ಇಷ್ಟೇ ಸಾಕಾಯಿತು. ರಂಧ್ರವನ್ನು ನೆಟ್ಟಗೆ ಒಂದೇ ಸಮ ಕೊರೆದ. ಆಮೇಲೆ ನಾನೇ ಕಡ್ಡಿ ಹಾಕಿ ನೋಡಿದ್ದೇನೆ. ಹೊರಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿ ಕೊಟ್ಟ. ಸವೇರಿಯೊ ಅಣ್ಣನ ಕೈಗೆ ಮುತ್ತಿಟ್ಟು ತೆಗೆದುಕೊಂಡು ಹೋದ.

ತಾಯಿಯ ಮಂಚದ ಬಳಿ ನಾವೆಲ್ಲ ಸೇರಿದ್ದೆವು. ಸವೇರಿಯೊ ಊದಿದ. ಅಯ್ಯೋ ದೇವರೇ! ಹೊಟ್ಟೆ ಉಬ್ಬರಿಸಿದ ಎತ್ತು ನರಳಿದ ಹಾಗೆ. ಕೆನ್ನೆ ಕೆಂಪಾಗುವಂತೆ ಮತ್ತೆ ಊದಿದ. ಇನ್ನೂ ಕೆಟ್ಟಿತು.

"ನಿಲ್ಸೋ," ಎಂದಳು ಮುದುಕಿ. "ನಿಮ್ಮಪ್ಪನ್ನ ಅಣಕಿಸ್ತೀಯಾ? ನಾನು ಸಾಯೋ ಹೊತ್ತಲ್ಲಿ?"

"ನಾನಲ್ಲಮ್ಮಾ, ಇದ್ರಲ್ಲೇ ಏನೋ... ಅಣ್ಣಾ, ಹೇಳೋ! ನಿನ್ನ ಕಾಲಿಗೆ ಬೀಳ್ತೀನಿ, ಹೇಳೋ!"

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಭಾವ. ಕೋಟಿನೊಳಗಿಂದ ತನ್ನ ಚರಮೆಲ್ಲ ತೆಗೆದು ಅಪ್ಪನ ಹಾಡು ಊದಿದ. ಕಿಟಕಿಯ ಗಾಜು ನಡುಗಿತು.

ಮುದುಕಿಯ ಕಣ್ಣಲ್ಲಿ ನೀರು. ತಡಕಾಡಿ ಅವನ ತಲೆಯ ಮೇಲೆ ಕೈಯಿಟ್ಟಳು. "ಅವರ ಉಸಿರು ಬಂದಿರೋದು ನಿನಗೇನೋ ಮಗಾ! ಇಷ್ಟು ವರ್ಷ ನಾನು ತಪ್ಪು ತಿಳ್ಕೊಂಡಿದ್ದೆ."

ಅವನು ಆ ಆಶೀರ್ವಾದವನ್ನೂ ತೆಗೆದುಕೊಂಡ, ನಾಚಿಕೆಗೆಟ್ಟವನು. ಸವೇರಿಯೊ ಮಂಚದ ಇನ್ನೊಂದು ಕಡೆ ಮಂಡಿಯೂರಿ ತಾಯಿಯ ಕೈ ಹುಡುಕಿದ. ಅವಳು ತನ್ನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಸಂಜೆ ಪ್ರಾಣ ಹೋಗುವವರೆಗೂ ಹೊರಗೆ ತೆಗೆಯಲಿಲ್ಲ.